ಮರೆಸುವ ಹಣ್ಣು ತಂದ ಟೀಚರ್

ಮೊನ್ನೆ ಈ ಕೊಲ್ಲಿ ದೇಶದ ರಾಜಧಾನಿ ಮನಾಮದ ಒಣಹಣ್ಣಿನ ಅಂಗಡಿಯಲ್ಲಿ ಒಂದು ಗೋಣಿಯ ಬಾಯಿ ಬಿಚ್ಚಿದಾಗ ಹುಳಿ ಬೆರೆತ ಸಿಹಿ ವಾಸನೆ ಬಂತು. ಒಣಗಿದ ಬೋರೆಹಣ್ಣು. ತಕ್ಷಣ ನೆನಪಾದವರು ಗುಫೂಲ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಟುನೀಶಿಯಾದ ಫ್ರೆಂಚ್ ಟೀಚರ್.

ಆಗ ನಾನು ಆಸ್ಪತ್ರೆಯಲ್ಲಿ ನರ್ಸ್, ಗಂಡನಿಗೆ ಟುಬ್ಲಿಯ ಗ್ಯಾರೇಜಿನಲ್ಲಿ ಕೆಲಸ. ಹತ್ತು ತಿಂಗಳ ಮಗಳನ್ನು ಉಡುಪಿಯಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟು ಬಂದಿದ್ದೆವು. ಮೊದಮೊದಲು ದಿನಾ ಅಳುತ್ತಿದ್ದೆ. ಆಮೇಲೆ ಡ್ಯೂಟಿ, ಗೆಳತಿಯರು, ಶುಕ್ರವಾರದ ತಿರುಗಾಟ… ಅಳು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಗಂಡ "ಮುಂದಿನ ವರ್ಷ ಹೋಗುವ" ಎಂದರು, ನಾನೂ ಹೂಂಗುಟ್ಟಿದೆ. ಎರಡು ಸಲ ರಜೆ ಮುಂದೆ ಹೋಯಿತು.

ಒಂದು ಸಂಜೆ ಟೀಚರ್ ತಮ್ಮ ಊರಿನಿಂದ ಬಂದ ಬೋರೆಹಣ್ಣು ಹಿಡಿದುಕೊಂಡು ಬಂದರು. ಬಟಾಣಿಗಿಂತ ತುಸು ದೊಡ್ಡವು, ಕಂದು ಬಣ್ಣ. ಅವರ ಊರು ಒಂದು ದ್ವೀಪ; ಅಲ್ಲಿನ ಮುಳ್ಳುಪೊದೆಗಳಲ್ಲಿ ತಾವಾಗಿ ಬಿಡುತ್ತವಂತೆ. ಅದಕ್ಕೊಂದು ಹಳೆಯ ಕಥೆಯಿದೆ ಎಂದರು. ಯುದ್ಧ ಮುಗಿಸಿ ಮನೆಗೆ ಹೊರಟಿದ್ದ ಗ್ರೀಕ್ ನಾವಿಕರು ಆ ದ್ವೀಪದಲ್ಲಿ ಇಳಿದು ಈ ಹಣ್ಣು ತಿಂದರಂತೆ. ಮನೆಗೆ ಹೋಗುವುದೇ ಮರೆತುಹೋಯಿತಂತೆ. ಅಳುತ್ತಿದ್ದರೂ ಬಿಡದೆ ಅವರ ನಾಯಕ ಎಳೆದು ತಂದು ಹಡಗಿನಲ್ಲಿ ಕಟ್ಟಿಹಾಕಿದನಂತೆ. ನಾನು ನಕ್ಕು ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಉಡುಪಿಯಿಂದ ವಿಡಿಯೊ ಕಾಲ್ ಬಂತು. "ಅಮ್ಮನಿಗೆ ಟಾಟಾ ಮಾಡು ಬಾ" ಎಂದು ತಾಯಿ ಕರೆದರೆ, ಮಗಳು ಅವರ ಸೀರೆಯನ್ನೇ ಹಿಡಿದುಕೊಂಡು, "ಇದು ಅಮ್ಮ. ಅದು ಫೋನಿನ ಆಂಟಿ" ಅಂದಳು.

"ಸಣ್ಣ ಮಗು ಅಲ್ವಾ, ನೀನು ಬೇಜಾರು ಮಾಡ್ಬೇಡ ಮಾರಾಯ್ತಿ" ಎಂದರು ತಾಯಿ.

ಟೀಚರಿಗೆ ಕನ್ನಡ ಬಾರದು. ನನ್ನ ಮುಖ ನೋಡಿ ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದರು. ಹೇಳಿದೆ.

"ರಜೆಗೆ ಈಗಲೇ ಅರ್ಜಿ ಬರೆ" ಎಂದರು ಟೀಚರ್.

"ಮುಂದಿನ ವರ್ಷ…"

"ನಾನೂ ಹಾಗೇ ಹೇಳುತ್ತಿದ್ದೆ" ಎಂದರು. ಅವರಿಗೊಬ್ಬ ಮಗನಿರುವುದು ನನಗೆ ಗೊತ್ತಾದದ್ದೇ ಆಗ. ತಂಗಿಯ ಮನೆಯಲ್ಲಿ ಬೆಳೆದವನು. "ಈಗ ಇಪ್ಪತ್ತು ವರ್ಷ. ತಂಗಿಯನ್ನು ಅಮ್ಮ ಅನ್ನುತ್ತಾನೆ. ನನ್ನನ್ನು ಹೆಸರು ಹಿಡಿದು ಕರೆಯುತ್ತಾನೆ."

ನಾನು ಅರ್ಜಿ ಬರೆದು ಕಳಿಸುವವರೆಗೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ.

ಮೂರನೆಯ ವಾರ ಊರಿಗೆ ಹೋದೆ. ಗಂಡ ವೀಸಾ ಕಾಗದಗಳಿಗೆ ಓಡಾಡಿದರು, ನಾನು ಮಗಳನ್ನು ಕರೆದುಕೊಂಡು ಬಂದೆ. ಒಂದು ತಿಂಗಳು ಅವಳು ನನ್ನ ಹತ್ತಿರ ಸುಳಿಯಲಿಲ್ಲ. ಟೀಚರ್ ತೊಡೆಯ ಮೇಲೆ ಕೂತು ಊಟ ಮಾಡುತ್ತಿದ್ದಳು. ಆಮೇಲೊಮ್ಮೆ ಜ್ವರ ಬಂದಾಗ, ಅವರ ತೊಡೆಯಿಂದ ಇಳಿದು ಬಂದು ನನ್ನನ್ನು "ಅಮ್ಮ" ಅಂದಳು. ಟೀಚರ್ ತಟ್ಟೆ ತೊಳೆಯಲು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಕೆಲಸ ಮುಗಿದ ಮೇಲೆ ಅವರು ತಮ್ಮ ದ್ವೀಪಕ್ಕೆ ಹೋದರು. ಈದ್‌ಗೆ ತಪ್ಪದೆ ಮೆಸೇಜ್ ಬರುತ್ತಿತ್ತು. ಹೋದ ವರ್ಷ ಅವರ ನಂಬರಿನಿಂದಲೇ ಮಗ ಬರೆದ: "ನನ್ನ ತಾಯಿ ತೀರಿಕೊಂಡರು. ನಿಮ್ಮ ಮಗಳ ವಿಷಯ ಯಾವಾಗಲೂ ಹೇಳುತ್ತಿದ್ದರು."

ತಾಯಿ ಎಂದೇ ಬರೆದಿದ್ದ. ಅವರ ಎದುರಿಗೆ ಎಂದಾದರೂ ಹಾಗೆ ಕರೆದಿದ್ದನೇ ಎಂದು ಟೈಪ್ ಮಾಡಿ ಅಳಿಸಿದೆ. ಇವತ್ತಿಗೂ ಕೇಳಿಲ್ಲ.