ಮುನಿರತ್ನಮ್ಮನವರ ಮನೆಗೆ ಬಂದ ಸಕಲ ವಿಜ್ಞಾನಗಳು

ನನಗೆ ಡಾಕ್ಟರೇಟ್ ಇಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ, ಏಕೆಂದರೆ ಮಿಕ್ಕವರ ಡಾಕ್ಟರೇಟುಗಳಲ್ಲಿ ನನ್ನ ಪಾಲು ಸಾಕಷ್ಟಿದೆ. ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನಾನು, ಕೀಟಶಾಸ್ತ್ರದಿಂದ ಹಿಡಿದು ಮನಶ್ಶಾಸ್ತ್ರದವರೆಗೆ ಹಲವು ಮಹಾಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಇದ್ದೇನೆ. ಮಾರ್ಗದರ್ಶಕರು, ತಂದೆತಾಯಿ, ಹಾಸ್ಟೆಲ್ ಗೆಳೆಯರು, ಟೈಪ್ ಮಾಡಿಕೊಟ್ಟವರು ಎಲ್ಲರೂ ಮುಗಿದ ಮೇಲೆ, ಪುಟದಲ್ಲಿ ಜಾಗ ಉಳಿದಿದ್ದರೆ, ‘ಸ್ಥಳೀಯವಾಗಿ ಸಹಕರಿಸಿದ’ ಎಂಬ ಕಡೆಯ ಸಾಲಿನಲ್ಲಿ ನಾನು ಬರುತ್ತೇನೆ. ಆ ಪ್ರಬಂಧಗಳಲ್ಲಿ ನನಗೆ ಪೂರ್ತಿ ಅರ್ಥವಾದ ಪುಟವೂ ಅದೊಂದೇ.

ವಿದ್ವತ್ತಿನ ಹರವು ಎಷ್ಟು ದೊಡ್ಡದೆಂದು ತಿಳಿಯಲು ನಮ್ಮ ಜಿಲ್ಲೆಯಲ್ಲಿ ಸುಮ್ಮನೆ ವಾಸವಾಗಿದ್ದರೆ ಸಾಕು. ಸ್ಕಂದಗಿರಿಯ ಇರುವೆಗಳನ್ನು ಎಣಿಸಲು ಒಬ್ಬರು ಬರುತ್ತಾರೆ. ಅದೇ ಬೆಟ್ಟ ಹತ್ತುವ ಪ್ರವಾಸಿಗರಿಗೆ ಸೂರ್ಯೋದಯ ನೋಡುವಾಗ ಏನನ್ನಿಸುತ್ತದೆ ಎಂದು ಕೇಳಲು ಇನ್ನೊಬ್ಬರು ಬರುತ್ತಾರೆ. ಇರುವೆಯವರಿಗೆ ಪ್ರವಾಸಿಗರು ಕಾಣುವುದಿಲ್ಲ, ಪ್ರವಾಸಿಗರ ಕಡೆಯವರಿಗೆ ಇರುವೆ ಕಾಣುವುದಿಲ್ಲ. ಇರುವೆ ಕಚ್ಚಿಸಿಕೊಂಡ ಪ್ರವಾಸಿಗ ಯಾರ ವಿಷಯಕ್ಕೂ ಸೇರುವುದಿಲ್ಲ. ನಗರಗೆರೆಯ ಹೊಲಗಳ ಮಣ್ಣನ್ನು ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಹೋದವರೊಬ್ಬರು, ಹೊಲದ ಯಜಮಾನ ಬೆಳೆಯ ಕಷ್ಟ ಹೇಳಲು ಬಾಯಿ ತೆರೆದ ಕೂಡಲೇ, “ನಮ್ಮದು ಮಣ್ಣು ಮಾತ್ರ ಸಾರ್” ಎಂದು ಕೈ ಮುಗಿದಿದ್ದರು. ತೊಂಡೇಬಾವಿಯ ರೈಲ್ವೆ ಸ್ಟೇಷನ್ನಿನಲ್ಲಿ ಕೂತು, ನಮ್ಮ ಜನ ಒಂದೇ ವಾಕ್ಯದೊಳಗೆ ಕನ್ನಡದಿಂದ ತೆಲುಗಿಗೆ ಎಷ್ಟು ಸಲ ಹೋಗಿ ಬರುತ್ತಾರೆಂದು ಗೀಟು ಹಾಕಿಕೊಳ್ಳುತ್ತಿದ್ದ ಭಾಷಾಶಾಸ್ತ್ರಜ್ಞರು ತಮ್ಮ ರೈಲನ್ನೇ ತಪ್ಪಿಸಿಕೊಂಡರು. ಮುಂದಿನ ರೈಲಿನವರೆಗೂ ದತ್ತಾಂಶ ಸಿಕ್ಕಿತೆಂದು ಆಮೇಲೆ ನನ್ನ ಬಳಿ ಖುಷಿಪಟ್ಟರು.

ಇವರೆಲ್ಲ ಕಡೆಗೆ ಯಾರಾದರೂ ರೈತರ ಮನೆ ತೋರಿಸಿ ಎಂದು ನನ್ನ ಹತ್ತಿರ ಬರುತ್ತಾರೆ. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನು ಹುಟ್ಟು ಸೋಮಾರಿ. ಬಂದವರನ್ನೆಲ್ಲ ಒಂದೇ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಅದು ಚಿಂತಾಮಣಿ ರಸ್ತೆಯ ಹಳ್ಳಿಯೊಂದರಲ್ಲಿರುವ ಮುನಿರತ್ನಮ್ಮನವರ ಮನೆ. ಅವರ ಹಿಪ್ಪುನೇರಳೆ ತೋಟ ನನ್ನ ದ್ರಾಕ್ಷಿ ತೋಟಕ್ಕೆ ಅಂಟಿಕೊಂಡೇ ಇದೆ. ತೋಟ ನೋಡಿದ ಹಾಗೂ ಆಯಿತು, ವಿಜ್ಞಾನದ ಸೇವೆ ಮಾಡಿದ ಹಾಗೂ ಆಯಿತು. ಮೇಲಾಗಿ ಅವರ ಮನೆಯಲ್ಲಿ ಸಕಲ ಶಾಸ್ತ್ರಗಳಿಗೂ ಬೇಕಾದ್ದು ಸಿಗುತ್ತದೆ. ಪ್ರಾಣಿಶಾಸ್ತ್ರಕ್ಕೆ ರೇಷ್ಮೆಹುಳು, ಭೂಗರ್ಭಶಾಸ್ತ್ರಕ್ಕೆ ಬತ್ತಿದ ಕೊಳವೆಬಾವಿ, ಪೌಷ್ಟಿಕಶಾಸ್ತ್ರಕ್ಕೆ ಮುದ್ದೆ, ಸಮಾಜಶಾಸ್ತ್ರಕ್ಕೆ ಸ್ವತಃ ಮುನಿರತ್ನಮ್ಮ. ಹೀಗಾಗಿ ‘ಜಿಲ್ಲೆಯ ಗ್ರಾಮೀಣ ಮಹಿಳೆಯರು ಸಾಮಾನ್ಯವಾಗಿ’ ಎಂದು ಎಲ್ಲಾದರೂ ಓದಿದರೆ, ಅದು ಬಹುಮಟ್ಟಿಗೆ ಮುನಿರತ್ನಮ್ಮ ಎಂದೇ ತಿಳಿಯತಕ್ಕದ್ದು.

ಅವರೂ ಪಳಗಿದ್ದರು. ಬಂದವರ ಚೀಲ ನೋಡಿಯೇ, ಹುಳುಮನೆ ಬೀಗ ತೆಗೆಯಬೇಕೋ ಜಗಲಿಯಲ್ಲಿ ಚಾಪೆ ಹಾಸಬೇಕೋ ನಿರ್ಧರಿಸುತ್ತಿದ್ದರು. ಒಮ್ಮೆ ಮನಶ್ಶಾಸ್ತ್ರದ ಹೆಣ್ಣುಮಗಳೊಬ್ಬಳು, ನಿಮ್ಮ ಸಂತೋಷಕ್ಕೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು.

“ಐದು ಅಂದ್ರೆ ಜಾಸ್ತೀನೇನಮ್ಮ?”

“ಹೌದು ಆಂಟಿ.”

“ಹಂಗಾದ್ರೆ ಮೂರು ಹಾಕ್ಕೊಳಮ್ಮ. ಐದು ಬರೆದ್ರೆ ದೃಷ್ಟಿ ಆಯ್ತದೆ.”

ಗ್ರಾಮೀಣ ಮಹಿಳೆಯರಲ್ಲಿ ಮಧ್ಯಮ ಪ್ರಮಾಣದ ಸಂತೃಪ್ತಿ ಕಂಡುಬರುತ್ತದೆ ಎಂದು ಆ ಪ್ರಬಂಧದಲ್ಲಿ ಅಚ್ಚಾಯಿತು. ನಾನು ಅದನ್ನು ಕಾಲೇಜಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ.

ನಗು ನಿಂತದ್ದು ಈ ವರ್ಷ. ಮುನಿರತ್ನಮ್ಮನವರ ಹುಳುಗಳು ಪೊರೆ ಬಿಡುವ ನಾಲ್ಕೂ ಜ್ವರ ದಾಟಿ, ಹೊಟ್ಟೆ ತುಂಬ ಸೊಪ್ಪು ತಿಂದು, ನೂಲು ಬಿಡುವ ಹದಕ್ಕೆ ಚೆನ್ನಾಗಿಯೇ ಹಣ್ಣಾದವು. ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಟ್ಟರೆ ಅಲ್ಲೇ ಸುತ್ತಿ ಸುತ್ತಿ ಓಡಾಡಿ, ಒಂದೆಳೆ ನೂಲೂ ಬಿಡದೆ ಸತ್ತವು. ಎರಡನೇ ಬೆಳೆಯೂ ಹಾಗೆಯೇ ಹೋಯಿತು. ಹುಳುವನ್ನು ಪರೀಕ್ಷೆ ಮಾಡಿದವರು ರೋಗವೇನೂ ಇಲ್ಲ ಎಂದರು. ಒಂದು ಭಾನುವಾರ ಮುನಿರತ್ನಮ್ಮ ಡಬ್ಬಿಯೊಂದನ್ನು ಹಿಡಿದು ಶಿಡ್ಲಘಟ್ಟದ ನಮ್ಮ ಮನೆಗೇ ಬಂದರು. ಡಬ್ಬಿಯ ತುಂಬ ವಿಸಿಟಿಂಗ್ ಕಾರ್ಡುಗಳು, ಚೀಟಿಗಳು.

“ಇಷ್ಟು ಜನ ಬಂದು ಬರ್ಕೊಂಡು ಹೋದ್ರಲ್ಲ ಮೇಷ್ಟ್ರೇ. ಯಾರಿಗಾದ್ರೂ ಒಂದು ಫೋನ್ ಹಾಕಿ ಕೇಳಿ. ಇದೊಂದು ಬೆಳೆ ನೋಡ್ತೀನಿ. ಇದೂ ಹೋದ್ರೆ ತೋಟಾನೇ ಕಿತ್ತಾಕ್ಬಿಡ್ತೀನಿ.”

ಅವರು ಮದುವೆಯಾಗಿ ಬಂದ ವರ್ಷ ಅತ್ತೆಯ ಜೊತೆ ಕೂತು ಕಡ್ಡಿ ನೆಟ್ಟು ಬೆಳೆಸಿದ ತೋಟ ಅದು. ನನಗೆ ನಿಜಕ್ಕೂ ಸಂಕಟವಾಯಿತು. ಸಮಸ್ತ ಜ್ಞಾನವೂ ನನ್ನ ಪರಿಚಯದಲ್ಲಿದೆ ಎಂಬ ಧೈರ್ಯದಿಂದ ಫೋನ್ ಎತ್ತಿಕೊಂಡೆ.

ರೇಷ್ಮೆಹುಳುವಿನ ಕರುಳಿನ ಬಗ್ಗೆ ದಪ್ಪ ಪ್ರಬಂಧ ಬರೆದವರು, ತಮ್ಮ ಅಧ್ಯಯನ ಹುಳು ಹಣ್ಣಾಗುವ ಹಿಂದಿನ ದಿನಕ್ಕೆ ಮುಗಿಯುತ್ತದೆ, ಆಮೇಲಿನದು ಬೇರೆಯವರ ಟಾಪಿಕ್ ಎಂದರು. ಕೀಟಶಾಸ್ತ್ರದವರು, ತಮ್ಮದು ಬೆಳೆ ತಿನ್ನುವ ಕೀಟ ಮಾತ್ರ, ರೇಷ್ಮೆಹುಳು ಉಪಕಾರಿ ಕೀಟವಾದ್ದರಿಂದ ಸಂಬಂಧವಿಲ್ಲ ಎಂದು ಅದರ ಗುಣಕ್ಕೊಂದು ಸರ್ಟಿಫಿಕೇಟ್ ಕೊಟ್ಟು ಫೋನಿಟ್ಟರು. ಮಣ್ಣಿನವರು ಮಣ್ಣು ಚೆನ್ನಾಗಿದೆ ಎಂದರು. ನೀರಿನವರು ನೀರು ಪರವಾಗಿಲ್ಲ ಎಂದರು. ಬಹಳ ಮರುಗಿದವರೆಂದರೆ ಸಮಾಜಶಾಸ್ತ್ರದವರು. “ಛೆ, ಈ ನಷ್ಟದ ಬಗ್ಗೆ ಅವರಿಗೆ ಹೇಗನ್ನಿಸ್ತಿದೆ ಸಾರ್? ನಾಳೇನೇ ಬಂದು ಮಾತಾಡಿಸ್ಲಾ?” ಎಂದು ಕೇಳಿದರು. ಹುಳುವಿನ ತಲೆಗೊಬ್ಬರು, ಹೊಟ್ಟೆಗೊಬ್ಬರು, ತಿನ್ನುವ ಸೊಪ್ಪಿಗೊಬ್ಬರು, ಸಾಕುವವರ ಮನಸ್ಸಿಗೊಬ್ಬರು ಇದ್ದರು. ಹುಳು ಯಾಕೆ ಸತ್ತಿತು ಎಂಬುದು ಯಾರ ಪಾಲಿಗೂ ಬಂದಿರಲಿಲ್ಲ.

ನಾನು ಹೋಗಿ ಇದನ್ನೆಲ್ಲ ವರದಿ ಮಾಡಿದೆ. ಮುನಿರತ್ನಮ್ಮ ಮೂರನೇ ಬೆಳೆಗೆ ಸೊಪ್ಪನ್ನು ಮೊದಲಿನಂತೆ ಬೆರೆಸದೆ ಬೇರೆ ಬೇರೆಯಾಗಿ ಕೊಯ್ಯತೊಡಗಿದರು. ರಸ್ತೆ ಕಡೆಯ ಸೊಪ್ಪು ಒಂದು ಸಾಲಿನ ತಟ್ಟೆಗಳಿಗೆ, ಕೊಳವೆಬಾವಿ ಕಡೆಯದು ಇನ್ನೊಂದಕ್ಕೆ, ದ್ರಾಕ್ಷಿ ತೋಟದ ಕಡೆಯದು ಮತ್ತೊಂದಕ್ಕೆ. ಗುರುತಿಗೆ ಹಳೆಯ ಸೀರೆ ಹರಿದು, ಸಾಲಿಗೊಂದು ಬಣ್ಣದ ಪಟ್ಟಿ ಕಟ್ಟಿದರು. ಅವರು ಯಾವ ಶಾಸ್ತ್ರವನ್ನೂ ಓದಿರಲಿಲ್ಲ. ಇಷ್ಟು ವರ್ಷ ಎಲ್ಲ ಶಾಸ್ತ್ರದವರೂ ಅವರನ್ನು ಓದಿದ್ದರು, ಅವರೂ ಸುಮ್ಮನೆ ಕೂತಿರಲಿಲ್ಲವೆಂದು ಕಾಣುತ್ತದೆ.

ಹುಳು ಚಂದ್ರಿಕೆಗೆ ಬಂದ ಮೂರನೇ ದಿನ ನನಗೆ ಫೋನ್ ಬಂತು. ಹೋದೆ. ಕೆಂಪು ಪಟ್ಟಿಯ ಚಂದ್ರಿಕೆಗಳಲ್ಲಿ ಗೂಡು ತುಂಬಿತ್ತು. ಹಳದಿಯಲ್ಲೂ ತುಂಬಿತ್ತು. ನೀಲಿಯಲ್ಲಿ ಹುಳುಗಳು ಒದ್ದಾಡುತ್ತ ಕೆಳಗೆ ಬೀಳುತ್ತಿದ್ದವು.

“ನೀಲಿ ಯಾವ ಕಡೇದು ಅಕ್ಕ?” ಎಂದೆ.

“ನಿಮ್ಮ ಕಡೇದು ಮೇಷ್ಟ್ರೇ.”

ನಾನು ದ್ರಾಕ್ಷಿಯ ನುಸಿಗೆ ಔಷಧಿ ಹೊಡೆಸುತ್ತಿದ್ದೆ. ಈ ವರ್ಷ ಅಂಗಡಿಯವರು ಹೊಸದೊಂದನ್ನು ಕೊಟ್ಟಿದ್ದರು. ಊರಲ್ಲಿ ಕೂತು ಫೋನಿನಲ್ಲೇ ಹೊಡೆಯಲು ಹೇಳುತ್ತಿದ್ದವನಿಗೆ ಗಾಳಿ ಯಾವ ಕಡೆ ಬೀಸುತ್ತದೆ ಎಂಬ ಯೋಚನೆ ಬಂದಿರಲಿಲ್ಲ. ಆದರೆ ಆ ಕ್ಷಣ ನನ್ನ ಬಾಯಿಂದ ಬಂದದ್ದು ಅದಾವುದೂ ಅಲ್ಲ.

“ಒಂದು ಸಲ ನೋಡಿ ಹಂಗೆ ಹೇಳೋಕಾಗಲ್ಲ ಅಕ್ಕ. ಸ್ಯಾಂಪಲ್ ಸಾಲಲ್ಲ.”

ಅವರು ಕೆಳಗೆ ಬಿದ್ದಿದ್ದ ಹುಳುಗಳನ್ನು ಮೊರಕ್ಕೆ ಬಳಿದುಕೊಳ್ಳುತ್ತಿದ್ದರು. ತಲೆ ಎತ್ತದೆ ಕೇಳಿದರು, “ಇನ್ನೂ ಎಷ್ಟು ಸಾಯ್ಬೇಕು ಮೇಷ್ಟ್ರೇ?”

ನಾಚಿಕೆ ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ರಾಜ್ಯದ ಅರ್ಧ ವಿದ್ವಾಂಸರಿಗೆ ಫೋನ್ ಮಾಡಿದವನು ನನ್ನ ತೋಟದ ಕೆಲಸದವನಿಗೆ ಒಂದು ಮಾತು ಕೇಳಿರಲಿಲ್ಲ. ಆ ಔಷಧಿಯನ್ನು ನಿಲ್ಲಿಸಿದೆ. ಅವರ ಬೇಲಿ ಕಡೆಯ ಸಾಲುಗಳಿಗೆ ಬೇರೇನನ್ನೂ ಹೊಡೆಸಲಿಲ್ಲ, ನುಸಿ ಆ ಕಾಯಿಗಳನ್ನು ತನ್ನದೇ ಮಾಡಿಕೊಂಡಿತು. ಮುನಿರತ್ನಮ್ಮ ಮತ್ತೊಮ್ಮೆ ಚಾಕಿ ಹುಳು, ಅಂದರೆ ಎಳೆಯ ಮರಿಹುಳು, ತಂದರು. ಆ ಬೆಳೆ ಪೂರ್ತಿ ಗೂಡು ಕಟ್ಟಿತು, ತೋಟ ಉಳಿಯಿತು.

ಮೊನ್ನೆ ಹೊರರಾಜ್ಯದ ಸಂಶೋಧಕಿಯೊಬ್ಬರು ಬಂದಿದ್ದರು. ಕನ್ನಡ ಬಾರದು, ಆದ್ದರಿಂದ ನಾನೇ ದುಭಾಷಿ. ವಿಷಯ ‘ಗ್ರಾಮೀಣ ನೆರೆಹೊರೆ’. ಮುನಿರತ್ನಮ್ಮನವರ ಜಗಲಿಯ ಮೇಲೆ ಪ್ರಶ್ನೆಗಳು ಸಾಗಿದವು. ನೆರೆಯವರಿಂದ ನಿಮ್ಮ ಬೆಳೆಗೆ ಯಾವತ್ತಾದರೂ ತೊಂದರೆ ಆಗಿದೆಯೇ? ನಾನು ನೆಲ ನೋಡುತ್ತ ಕನ್ನಡದಲ್ಲಿ ಕೇಳಿದೆ.

“ಆಗಿತ್ತಮ್ಮ. ಎರಡು ಬೆಳೆ ಪೂರ್ತಿ ಹೋಯ್ತು, ಮೂರನೇದ್ರಲ್ಲಿ ಒಂದು ಸಾಲು ಹೋಯ್ತು. ಅವ್ರಿಗೂ ಗೊತ್ತಿರ್ಲಿಲ್ಲ, ನಮ್ಗೂ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ನಿಲ್ಲಿಸಿದ್ರು.”

ನಾನು ಇಂಗ್ಲಿಷಿನಲ್ಲಿ “ಇಲ್ಲ” ಎಂದೆ.

ಸಂಶೋಧಕಿ ಟಿಕ್ ಹಾಕಲು ಪೆನ್ನು ಇಳಿಸಿದರು. ಮುನಿರತ್ನಮ್ಮ ಕೈ ಚಾಚಿ ಆ ಹಾಳೆಯ ಮೇಲೆ ಅಂಗೈ ಇಟ್ಟು, ನನ್ನ ಕಡೆ ತಿರುಗಿದರು.

“ನಾನು ಅಷ್ಟು ಚಿಕ್ಕದಾಗಿ ಹೇಳ್ಲಿಲ್ವಲ್ಲ ಮೇಷ್ಟ್ರೇ. ಪೂರ್ತಿ ಹೇಳಿ.”

ಪೂರ್ತಿ ಹೇಳಿದೆ. ಆ ನೆರೆಯವನು ಯಾರೆಂಬುದನ್ನೂ ಹೇಳಿದೆ. ಕೊಟ್ಟಿದ್ದ ಚೌಕದಲ್ಲಿ ಅದು ಹಿಡಿಯಲಿಲ್ಲ. ಸಂಶೋಧಕಿ ಅಂಚಿನಲ್ಲಿ ಬರೆದರು, ಆಮೇಲೆ ಹಾಳೆ ತಿರುಗಿಸಿ ಹಿಂಬದಿಯಲ್ಲೂ ಬರೆದರು.