ಹೆಡರ್ ಫ್ಲಾಪಿಗಳ ಡಬ್ಬಿ

ಕಳೆದ ಶುಕ್ರವಾರ ನನ್ನಿಂದಾಗಿ ಒಬ್ಬ ಹುಡುಗಿಯ ಕೆಲಸ ಹೋಗುವುದರಲ್ಲಿತ್ತು. ನನ್ನಿಂದ ಅಂದರೆ, ನನ್ನ ಶಿಸ್ತಿನಿಂದ.

ನಾನು ಶಿಸ್ತಿನ ಹೆಂಗಸು ಎಂಬುದು ಈ ಪುಟವನ್ನು ಓದುವ ನಿಮಗೆ ಹೊಸದೇನಲ್ಲ. ಮದುವೆಯಾಗಿ ಮೈಸೂರಿನಿಂದ ಮುಂಬಯಿಯ ಚೆಂಬೂರಿಗೆ ಬಂದು ಹನ್ನೆರಡು ವರ್ಷವಾಯಿತು. ಈ ಹನ್ನೆರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಗ್ಯಾಸ್ ಲೈಟರ್ ಕಳೆದುಹೋದದ್ದಿಲ್ಲ, ರೇಷನ್ ಕಾರ್ಡ್ ಹುಡುಕಿದ್ದಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ.

ಆಫೀಸಿನಲ್ಲೂ ನನಗೆ ಇದೇ ಹೆಸರು. ಅಂಧೇರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೆಯ ಮಹಡಿಯಲ್ಲಿ ನಮ್ಮ ಪುಟ್ಟ ಕಂಪ್ಯೂಟರ್ ಕಂಪನಿ. ಏಳು ಜನ, ಒಂದು ಯುನಿಕ್ಸ್ ಮಷೀನು, ಅದಕ್ಕೆ ಜೋಡಿಸಿದ ನಾಲ್ಕು ಟರ್ಮಿನಲ್ಲು, ಒಂದು ಏಸಿ. (ಏಸಿ ಮಷೀನಿಗೆ. ನಮಗೆ ಅದರ ಪ್ರಸಾದ.) ಹೊಸ ಸಾಫ್ಟ್‌ವೇರ್ ಬಂದಾಗ ಅದರ ಒರಿಜಿನಲ್ ಫ್ಲಾಪಿಗಳು ಬಾಸ್ ಕುಲಕರ್ಣಿಯವರ ಕಪಾಟಿಗೆ ಹೋಗುತ್ತವೆ. ನಮ್ಮ ಬಳಕೆಗೆ ಕಾಪಿಗಳು. ಆ ಕಾಪಿಗಳ ಬೀರು ನನ್ನ ಸುಪರ್ದಿಯಲ್ಲಿ. ಕೇಳಿದರೆ ಸಾಕು, ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತೇನೆ.

ಕಣ್ಣು ಮುಚ್ಚಿಕೊಂಡು ಎಂಬುದನ್ನು ಸ್ವಲ್ಪ ನೆನಪಿನಲ್ಲಿಡಿ.

ಈಗ ಹುಡುಗಿಯ ವಿಷಯ. ಅವಳ ಹೆಸರು ಶಶಿಕಲಾ. ಬೊರಿವಲಿಯವಳು. ಅಪ್ಪ ಉಡುಪಿ ಕಡೆಯವರು, ಬೊರಿವಲಿ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಇಪ್ಪತ್ತೈದು ವರ್ಷದಿಂದ ದೋಸೆಕಲ್ಲಿನ ಮುಂದೆ ನಿಂತವರು. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ನಾಲ್ಕು ಭಾಷೆಗಳನ್ನು ಹಾದು ಬರುತ್ತಾಳೆ, ಆದರೆ ಬರುತ್ತಾಳೆ. ನನಗೆ ಆ ಹಟವೇ ಬಹಳ ಇಷ್ಟ. ಮೂರು ತಿಂಗಳ ಪ್ರೊಬೇಷನ್ನಿಗೆ ನನ್ನ ಕೈಕೆಳಗೆ ಸೇರಿದ್ದಳು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಅವರ ಮನೆಯಿಂದ ಹೊರಟ ಮೊದಲನೆಯವಳು. ಅವಳಪ್ಪ ಹೋಟೆಲಿಗೆ ಬರುವ ಖಾಯಂ ಗಿರಾಕಿಗಳಿಗೆಲ್ಲ ಮಗಳು ಕಂಪ್ಯೂಟರ್ ಇಂಜಿನಿಯರ್ ಎಂದು ಹೇಳಿಬಿಟ್ಟಿದ್ದರಂತೆ. ಪ್ರೊಬೇಷನ್ ಎಂಬ ಪದ ಅವರ ಕಿವಿಗೆ ಬಿದ್ದಿರಲಿಲ್ಲ.

ಪ್ರೊಬೇಷನ್ ಮುಗಿಯುವುದು ಶುಕ್ರವಾರ. ಅದರ ಹಿಂದಿನ ಸೋಮವಾರ ಅವಳಿಗೆ ಒಂದು ಕೆಲಸ ಕೊಟ್ಟೆವು. ಭಾಂಡುಪಿನ ಒಬ್ಬ ಗಿರಾಕಿಗೆ ಒಂದೇ ಮಷೀನಿಗೆ ಎಂಟು ಟರ್ಮಿನಲ್ ಜೋಡಿಸಬೇಕಿತ್ತು. ಅದಕ್ಕೆ ಒಂದು ಕಾರ್ಡು, ಆ ಕಾರ್ಡನ್ನು ನಡೆಸಲು ಒಂದು ಡ್ರೈವರ್ ಪ್ರೋಗ್ರಾಮು. ಪ್ರೋಗ್ರಾಮು ಬರೆದಾಗಿತ್ತು. ಅದನ್ನು ನಮ್ಮ ಮಷೀನಿನಲ್ಲಿ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಓಡಿಸಿ ತೋರಿಸಬೇಕು. ಅಷ್ಟೇ.

ಇಲ್ಲಿ ನಿಮಗೆ ಒಂದೇ ಒಂದು ತಾಂತ್ರಿಕ ವಿಷಯ ಹೇಳಬೇಕು. ಓಡಿಹೋಗಬೇಡಿ. ಯುನಿಕ್ಸ್ ಮಷೀನನ್ನು ನಡೆಸುವ ಮೂಲ ಪ್ರೋಗ್ರಾಮಿಗೆ ಕರ್ನೆಲ್ ಎನ್ನುತ್ತಾರೆ. ಅದರೊಳಗೆ ಯಾವುದು ಎಲ್ಲಿದೆ, ಎಷ್ಟನೆಯ ಜಾಗದಲ್ಲಿದೆ ಎಂದು ತಿಳಿಸುವ ಪಟ್ಟಿಗಳೇ ಹೆಡರ್ ಫೈಲುಗಳು. ಡ್ರೈವರ್ ಕಂಪೈಲ್ ಮಾಡುವವರು ಆ ಪಟ್ಟಿ ನೋಡಿಕೊಂಡೇ ಮಾಡಬೇಕು. ಕರ್ನೆಲ್ ಬದಲಾದರೆ ಪಟ್ಟಿಯೂ ಬದಲಾಗಬೇಕು. ಕಳೆದ ವರ್ಷದ ಟೈಂಟೇಬಲ್ ಹಿಡಿದು ದಾದರಿನಲ್ಲಿ ನಿಂತರೆ ಏನಾಗುತ್ತದೆ? ಲೋಕಲ್ ಬರುತ್ತದೆ, ಹತ್ತುತ್ತೀರಿ, ಸೀಟೂ ಸಿಗುತ್ತದೆ. ನಿಮ್ಮ ಸ್ಟೇಷನ್ ಬಂದಾಗ ಅದು ನಿಲ್ಲುವುದೇ ಇಲ್ಲ. ತಪ್ಪು ಹೆಡರ್ ಹಿಡಿದವರ ಕಥೆಯೂ ಇದೇ. ಕಂಪೈಲ್ ಆಗುವಾಗ ಒಂದು ಎರರೂ ಬರುವುದಿಲ್ಲ.

ತಿಂಗಳ ಹಿಂದೆ ನಮ್ಮ ಮಷೀನಿಗೆ ಹೊಸ ಕರ್ನೆಲ್ ಹಾಕಿಸಿದ್ದೆವು. ಹೆಡರುಗಳನ್ನು ಮಾತ್ರ ಒಳಗೆ ತುಂಬಿರಲಿಲ್ಲ, ಡಿಸ್ಕಿನಲ್ಲಿ ಜಾಗವಿಲ್ಲ. ಬೇಕಾದಾಗ ಫ್ಲಾಪಿಯಿಂದ ಹಾಕಿಕೊಳ್ಳುವುದು, ಕೆಲಸವಾದ ಮೇಲೆ ಅಳಿಸುವುದು. ಶಶಿಕಲಾ ಬಂದು ಕೇಳಿದಳು. "ಹೊಸ ರಿಲೀಸ್", ಅಂದರೆ ಹೊಸ ಆವೃತ್ತಿ, ಎಂದು ಬರೆದ ಡಬ್ಬಿಯನ್ನು ಬೀರುವಿನಿಂದ ತೆಗೆದುಕೊಟ್ಟೆ.

ಕಂಪೈಲ್ ಆಯಿತು. ಲೋಡ್ ಮಾಡಿದಳು. ಮಷೀನು ಸತ್ತಿತು.

ಯುನಿಕ್ಸ್ ಸಾಯುವಾಗ ಸುಮ್ಮನೆ ಸಾಯುವುದಿಲ್ಲ. ಪರದೆಯ ಮೇಲೆ "ಪ್ಯಾನಿಕ್" ಎಂದು ಬರೆದೇ ಪ್ರಾಣ ಬಿಡುತ್ತದೆ. ಜೊತೆಗೆ ಉಳಿದ ಮೂರು ಟರ್ಮಿನಲ್ಲಿನವರ ಕೆಲಸವೂ ಹೋಗುತ್ತದೆ. ಮೂರು ಕಡೆಯಿಂದ "ಶಶೀ! ಫಿರ್ ಸೇ?" ಎಂಬ ಕೂಗು. ಮಷೀನು ಮತ್ತೆ ಎದ್ದು ಕೂರಲು ಇಪ್ಪತ್ತು ನಿಮಿಷ.

ಸೋಮವಾರ ಎರಡು ಸಲ ಪ್ಯಾನಿಕ್. ಮಂಗಳವಾರ ನಾಲ್ಕು ಸಲ. ಬುಧವಾರದಿಂದ ಅವಳು ಲೋಡ್ ಮಾಡುವ ಮೊದಲು ಎದ್ದು ನಿಂತು ಎಲ್ಲರಿಗೂ ಕೈಮುಗಿದು, "ಸೇವ್ ಕರ್ ಲೋ ಪ್ಲೀಸ್" ಎಂದು ಹೇಳತೊಡಗಿದಳು. ಮೊದಲು ನಕ್ಕೆವು. ಆಮೇಲೆ ಯಾರಿಗೂ ನಗು ಬರಲಿಲ್ಲ.

"ಮ್ಯಾಡಮ್, ಎರರ್ ಒಂದೂ ಇಲ್ಲ. ಒಂದೊಂದು ಲೈನ್ ಚೆಕ್ ಮಾಡಿದೆ. ಎಂತ ಆಗ್ತದೆ ಅಂತ್ಲೇ ಸಮಜ್ ಆಗುದಿಲ್ಲ" ಎಂದಳು. ಕಣ್ಣು ಕೆಂಪಾಗಿತ್ತು.

"ಇನ್ನೊಂದು ಸಲ ಎಚ್ಚರಿಕೆಯಿಂದ ನೋಡು. ಅವಸರ ಮಾಡ್ತೀಯ ನೀನು" ಎಂದೆ. ಎಷ್ಟು ಸುಲಭ ನೋಡಿ, ಕೂತಲ್ಲಿಂದಲೇ ಬುದ್ಧಿ ಹೇಳುವುದು!

ಗುರುವಾರ ಮಧ್ಯಾಹ್ನ ಕುಲಕರ್ಣಿಯವರು ನನ್ನನ್ನು ಒಳಗೆ ಕರೆದರು. ಧಾರವಾಡದವರು. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ನಾಲಿಗೆ ಇನ್ನೂ ಅಲ್ಲೇ ಇದೆ.

"ಪದ್ಮಾ ಅವ್ರ, ಆ ಹುಡುಗಿ ರಿಪೋರ್ಟ್ ಬರದ್ರೇನು? ನಾಳೆ ನಾ ಸಹಿ ಮಾಡಬೇಕ್ರೀ. ಭಾಂಡುಪದಾಂವ ದಿನಾ ಫೋನ್ ಹಚ್ಚತಾನ. ಆಕಿ ಕೈಲೆ ಆಗೂದಿಲ್ಲ ಅಂದ್ರ ಆಗೂದಿಲ್ಲ ಅಂತ ಬರೀರಿ. ಬ್ಯಾರೇದವರನ್ನ ನೋಡೋಣು."

ಬರೆದೆ. "ಬುದ್ಧಿವಂತೆ, ಪರಿಶ್ರಮವಿದೆ, ಆದರೆ ಕೆಲಸದಲ್ಲಿ ಎಚ್ಚರ ಸಾಲದು." ಇಂಗ್ಲಿಷಿನಲ್ಲಿ ಬರೆದಿದ್ದರಿಂದ ಇನ್ನೂ ಸಭ್ಯವಾಗಿ ಕಂಡಿತು. ಆದರೆ ಪ್ರೊಬೇಷನ್ ರಿಪೋರ್ಟಿನಲ್ಲಿ "ಎಚ್ಚರ ಸಾಲದು" ಎಂದರೆ ಮನೆಗೆ ಹೋಗು ಎಂದೇ ಅರ್ಥ. ಅದು ನನಗೆ ಗೊತ್ತಿತ್ತು. ಕವರಿಗೆ ಹಾಕಿ ಕುಲಕರ್ಣಿಯವರ ಟ್ರೇಯಲ್ಲಿ ಇಟ್ಟು ಬಂದೆ.

ಸಂಜೆ ಮನೆಗೆ ಬಂದಾಗ ತಲೆನೋವು. ಪಕ್ಕದ ಮನೆಯ ಪೆಡ್ಣೇಕರ್ ಕಾಕು ನನ್ನ ಮುಖ ನೋಡಿದವರೇ, ನೀನು ಮಲಗು, ಚಹಾ ನಾನು ಮಾಡುತ್ತೇನೆ ಎಂದು ಅಡುಗೆಮನೆಗೆ ನುಗ್ಗಿದರು. ಎರಡು ನಿಮಿಷಕ್ಕೆ ಅಲ್ಲಿಂದ ಕೂಗು.

"ಅಗೋ ಪದ್ಮಾ! ವರ್ ಚಹಾ ಲಿಹಿಲಯ್, ಆತ್ ಮೋಹರೀ ಆಹೇ!"

ಮೇಲೆ ಚಹಾ ಎಂದು ಬರೆದಿದೆ, ಒಳಗೆ ಸಾಸಿವೆ. ಇದೇನು ಹೊಸತೇ? ನಮ್ಮ ಕಡೆಯ ಯಾವ ಮನೆಯಲ್ಲಿ ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯೊಳಗೆ ಇರುತ್ತದೆ ಹೇಳಿ? ಬಿಸ್ಕತ್ತಿನ ಟಿನ್ನಿನಲ್ಲಿ ಹುಣಸೆಹಣ್ಣು, ಮಗುವಿನ ಹಾಲುಪುಡಿಯ ಡಬ್ಬಿಯಲ್ಲಿ ಉದ್ದಿನಬೇಳೆ. ನಮ್ಮಮ್ಮನ ಮನೆಯಲ್ಲೂ ಹಾಗೇ, ನಮ್ಮತ್ತೆಯ ಮನೆಯಲ್ಲೂ ಹಾಗೇ. ಯಾವುದರಲ್ಲಿ ಏನಿದೆ ಎಂದು ಮನೆಯ ಹೆಂಗಸಿಗೆ ಗೊತ್ತಿದ್ದರೆ ಆಯಿತು.

"ಕಾಕು, ಆ ಡಬ್ಬಿಯ ಮುಚ್ಚಳ ಗಟ್ಟಿಯಾಗಿದೆ ಅಂತ ಸಾಸಿವೆ ಅದಕ್ಕೆ ಹಾಕಿದೀನಿ, ಹಳೇ ಡಬ್ಬಿ..." ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದವಳು ಎದ್ದು ಕೂತೆ.

ಆಫೀಸಿನ ಬೀರುವಿನಲ್ಲಿ ಹಳೆಯ ರಿಲೀಸಿನ ಫ್ಲಾಪಿಗಳಿಗೆ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ ಇತ್ತು. ಗಟ್ಟಿ ಮುಚ್ಚಳ, ಧೂಳು ಹೋಗುವುದಿಲ್ಲ. ಹೊಸ ರಿಲೀಸಿಗೆ ಸಿಕ್ಕಿದ್ದು ಒಂದು ರಟ್ಟಿನ ಡಬ್ಬಿ, ಮಳೆಗಾಲದಲ್ಲಿ ಅದರ ಒಂದು ಮೂಲೆ ಮೆತ್ತಗಾಗಿತ್ತು. ಹೊಸ ಫ್ಲಾಪಿಗೆ ಬೂಷ್ಟು ಹಿಡಿದೀತೆಂದು ಹದಿನೈದು ದಿನದ ಹಿಂದೆ ನಾನೇ ಹೊಸದನ್ನು ನೀಲಿ ಡಬ್ಬಿಗೂ ಹಳೆಯದನ್ನು ರಟ್ಟಿನ ಡಬ್ಬಿಗೂ ಬದಲಾಯಿಸಿದ್ದೆ. ಡಬ್ಬಿಗಳ ಮೇಲಿನ ಚೀಟಿ ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡಿದ್ದೆ. ಫ್ಲಾಪಿಗಳ ಮೇಲಾದರೂ ಬರೆದಿತ್ತೇ? ಎರಡು ಸೆಟ್ಟಿನ ಮೇಲೂ ನನ್ನದೇ ದುಂಡು ಅಕ್ಷರದಲ್ಲಿ ಹೆಡರ್ ಒಂದು, ಹೆಡರ್ ಎರಡು, ಹೆಡರ್ ಮೂರು. ಅಷ್ಟೇ. ಯಾವ ರಿಲೀಸು ಎಂಬುದು ಡಬ್ಬಿಯ ಮೇಲೆ ಮಾತ್ರ.

ನಾಲ್ಕು ದಿನದಿಂದ ಆ ಹುಡುಗಿ ಹಳೆಯ ಕರ್ನೆಲ್ಲಿನ ಪಟ್ಟಿ ಹಿಡಿದು ಹೊಸ ಕರ್ನೆಲ್ಲಿನಲ್ಲಿ ತಡಕಾಡುತ್ತಿದ್ದಾಳೆ. ನಾನು ಅವಳಿಗೆ ಎಚ್ಚರ ಸಾಲದು ಎಂದು ಬರೆದುಕೊಟ್ಟು ಬಂದಿದ್ದೇನೆ.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸು ಸೇರಿದೆ. ನಿಜ ಹೇಳುತ್ತೇನೆ, ತಪ್ಪೊಪ್ಪಿಕೊಳ್ಳಲು ಅಲ್ಲ. ಬೀರು ತೆಗೆದೆ, ಚೀಟಿಗಳನ್ನು ಕಿತ್ತು ಅದಲು ಬದಲು ಮಾಡಿ ಅಂಟಿಸಿದೆ. ಐದೇ ನಿಮಿಷದ ಕೆಲಸ. ಯಾರಿಗೂ ತಿಳಿಯುವಂತಿರಲಿಲ್ಲ. ಇನ್ನು ಟ್ರೇಯಿಂದ ಆ ಕವರ್ ತೆಗೆದುಬಿಟ್ಟರೆ ಕಥೆ ಮುಗಿಯಿತು. ಆದರೆ ಕವರ್ ಅಲ್ಲಿರಲಿಲ್ಲ. ಕುಲಕರ್ಣಿಯವರು ಹಿಂದಿನ ಸಂಜೆಯೇ ಮನೆಗೆ ಒಯ್ದಿದ್ದರು.

ಶಶಿಕಲಾ ಬಂದಳು. ಕೂದಲು ನೀಟಾಗಿ ಬಾಚಿ, ಇಸ್ತ್ರಿ ಮಾಡಿದ ಹಳದಿ ಚೂಡಿದಾರ್. ಕೊನೆಯ ದಿನವೆಂದು ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದಾಳೆ ಎಂದು ಹೊಳೆದಾಗ ನನಗೆ ಎಲ್ಲಿಯಾದರೂ ಅಡಗಿಕೊಳ್ಳೋಣ ಎನಿಸಿತು.

"ಇನ್ನೊಂದು ಸಲ ಹೆಡರ್ ಲೋಡ್ ಮಾಡು" ಎಂದು ನೀಲಿ ಡಬ್ಬಿ ಕೊಟ್ಟೆ. ಅವಳು ಚೀಟಿ ನೋಡಿದಳು, ನನ್ನ ಮುಖ ನೋಡಿದಳು, ಡಬ್ಬಿ ತೆಗೆದುಕೊಂಡು ಹೋದಳು. ಕಂಪೈಲ್ ಆಯಿತು. ಅಭ್ಯಾಸದಂತೆ ಎದ್ದು ಎಲ್ಲರಿಗೂ ಕೈಮುಗಿದು ಲೋಡ್ ಮಾಡಿದಳು.

ಮಷೀನು ಸಾಯಲಿಲ್ಲ. ಕಾರ್ಡಿಗೆ ಹೊಸದಾಗಿ ಜೋಡಿಸಿದ್ದ ಟರ್ಮಿನಲ್ಲಿನಲ್ಲಿ ಪುಟ್ಟದಾಗಿ "ಲಾಗಿನ್" ಎಂದು ಮೂಡಿತು. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೂರು ಕಡೆಯಿಂದ ಚಪ್ಪಾಳೆ.

ಸದ್ದು ಕೇಳಿ ಕುಲಕರ್ಣಿಯವರು ಹೊರಗೆ ಬಂದರು. ಕೈಯಲ್ಲಿ ನನ್ನ ಕವರ್. "ಭೇಷ್! ಆದ್ರ ನಾಕ ದಿವ್ಸ ಯಾಕ ಬೇಕಾತು? ಏನ್ ತಪ್ಪ ಮಾಡಿದ್ದಿ ನೀ?"

"ಗೊತ್ತಿಲ್ಲ ಸರ್. ನಂದೇ ಏನೋ ಗಲತಿ ಇರ್ಬೇಕು" ಎಂದಳು.

ಬಾಯಿ ತೆರೆಯದಿದ್ದರೆ ಅಲ್ಲಿಗೇ ಎಲ್ಲ ಸುಖಾಂತ. ಆದರೆ ಅವರ ಕೈಯಲ್ಲಿದ್ದ ಆ ಕವರ್ ನೋಡಿದೆ. "ಸರ್, ಅವಳ ತಪ್ಪಲ್ಲ, ನನ್ನದು" ಎಂದು ಎಲ್ಲರ ಎದುರು ಡಬ್ಬಿಯ ಕಥೆ ಹೇಳಿದೆ. ಸಾಸಿವೆಯ ಸಮೇತ.

ಕುಲಕರ್ಣಿಯವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ನಿಮ್ಮ ಅಡಿಗಿ ಮನೀ ಕಾರಭಾರ ನನ್ನ ಮಷೀನಿಗೂ ತಂದ್ರೇನ್ರೀ? ಬೈಸ್ಕೋಬೇಕಾದಾಕಿ ನೀವು, ಬೈಸ್ಕೊಂಡಾಕಿ ಆಕಿ! ತಗೋರಿ, ಇದನ್ನ ಹರದ್ ಒಗದು ಹೊಸಾದು ಬರಕೊಡ್ರಿ. ಬೀರೂದ ಕೀಲಿ ಇವತ್ತಿನಿಂದ ಆಕಿ ಕೈಯಾಗ ಇರ್ಲಿ."

ಹೊಸ ರಿಪೋರ್ಟ್ ಬರೆದೆ. ಹನ್ನೊಂದು ಗಂಟೆಗೆ ಸಹಿ ಬಿತ್ತು, ಶಶಿಕಲಾ ಖಾಯಂ ಆದಳು. ಕೀಲಿ ಕೊಡುವಾಗ ನನಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು.

ಸಂಜೆ ಇಬ್ಬರೂ ಅಂಧೇರಿ ಸ್ಟೇಷನ್ನಿನವರೆಗೆ ನಡೆದೆವು. ಅವಳಿಗೆ ಬೊರಿವಲಿ ಲೋಕಲ್, ನನಗೆ ಹಾರ್ಬರ್ ಲೈನು. ನಾನು ಅವಳಿಗೆ ಕ್ಷಮೆ ಕೇಳಿದೆ. "ಅಯ್ಯೋ, ಎಂತದು ಮ್ಯಾಡಮ್!" ಎಂದು ನನ್ನ ಕೈ ಹಿಡಿದುಕೊಂಡಳು.

"ನಿನಗೆ ಫ್ಲಾಪಿ ಮೇಲೆ ಅನುಮಾನವೇ ಬರಲಿಲ್ವೇನೇ?" ಎಂದೆ.

"ಬಂತು. ಸೋಮವಾರವೇ ಬಂತು. ಹೆಡರ್ ಫೈಲಲ್ಲಿ ಊಪರ್ ಡೇಟ್ ಇರ್ತದಲ್ಲ, ಅದು ಎರಡು ವರ್ಷ ಪುರಾನಾ ಇತ್ತು."

ನಾನು ನಡೆಯುತ್ತಿದ್ದವಳು ನಿಂತೆ. "ಮತ್ತೆ ಬಂದು ಕೇಳೋದಲ್ವಾ?"

"ಮೂರು ಸಲ ನಿಮ್ಮ ಟೇಬಲ್ ತನಕ ಬಂದೆ ಮ್ಯಾಡಮ್. ಆಮೇಲೆ ವಾಪಸ್ ಹೋದೆ. ನೀವು ಇಟ್ಟದ್ದಲ್ವಾ, ಹೇಗೆ ಕೇಳುದು? ನೌಕರಿ ಹೋದ್ರೆ ಬೇರೆ ಸಿಗ್ತದೆ ಅಂತ ಗ್ರಹಿಸಿದೆ."

ಅಷ್ಟರಲ್ಲಿ ಅವಳ ಟ್ರೇನು ಬಂತು. ಲೇಡೀಸ್ ಡಬ್ಬಿಗೆ ಹಾರಿ ಹತ್ತಿ, ಬಾಗಿಲಲ್ಲಿ ನಿಂತು ನಗುತ್ತಾ ಕೈಬೀಸಿ ಹೋದಳು. ಅವಳ ಮನಸ್ಸಿನಲ್ಲಿ ನನ್ನ ಬಗ್ಗೆ ಒಂದು ಚೂರು ಬೇಸರವಿರಲಿಲ್ಲ, ನನಗೆ ಅದೇ ತಡೆಯಲಾಗಲಿಲ್ಲ.

ಅಲ್ಲ, ನನ್ನನ್ನು ಒಂದು ಪ್ರಶ್ನೆ ಕೇಳುವುದಕ್ಕಿಂತ ಕೆಲಸ ಕಳೆದುಕೊಳ್ಳುವುದೇ ವಾಸಿ ಎಂದು ಆ ಹುಡುಗಿಗೆ ಅನ್ನಿಸಬೇಕಾದರೆ, ಮೂರು ತಿಂಗಳು ಆ ಟೇಬಲ್ಲಿನ ಹಿಂದೆ ನಾನು ಎಂಥ ಮುಖ ಹೊತ್ತು ಕೂತಿದ್ದೆ?