ಟೇಪಿನ ಎರಡನೇ ಸುತ್ತು

ನಮ್ಮ ವಿಜಯನಗರದ ಬೀದಿಯ ಟೈಲರಣ್ಣ ಯಾರ ಸೊಂಟದ ಅಳತೆಯನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಟೇಪು ಸುತ್ತಿದ ಕೂಡಲೇ ಗಂಡಸರೆಲ್ಲ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ ಎಂಬುದು ಅವರ ದೂರು. ಅದಕ್ಕೇ ಮೆಟ್ರೋ ರಶ್ಶು, ತರಕಾರಿ ರೇಟು ಅಂತ ಮಾತಿಗೆಳೆದು, ನಾವು ಮೈಮರೆತಾಗ ಮತ್ತೆ ಸುತ್ತುತ್ತಿದ್ದರು. "ಉಸಿರು ಬಿಡಿ ಸಾರ್, ನಿಮ್ಮ ಹೊಟ್ಟೆ ನಂಗೆ ಗೊತ್ತಿಲ್ವಾ?"

ಈಚೆಗೆ ಅವರಿಗೆ ಮರೆವು ಶುರುವಾಯಿತು. ಡಾಕ್ಟರಮ್ಮ ಬೆನ್ನುಹುರಿಯ ನೀರು ತೆಗೆದು ಟೆಸ್ಟ್ ಮಾಡಿಸಿದರು. ಮರೆವಿನ ಕಾಯಿಲೆ ಎನ್ನುವ ಗೆರೆಯನ್ನು ಅಂಕಿ ಒಂಚೂರು ದಾಟಿತ್ತು. ಒಂದೇ ಸಲದ್ದು ನಂಬೋಕಾಗಲ್ಲ, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ತೆಗೆಯೋಣ ಎಂದರು.

"ಮತ್ತೆ ಆ ಸೂಜೀನಾ?" ಅಂತ ಅವರ ಹೆಂಡತಿ ಕಣ್ಣೊರೆಸಿಕೊಂಡರು.

ಟೈಲರಣ್ಣನ ಮುಖ ಮಾತ್ರ ಅರಳಿತು. "ಅಳತೆ ಅಂದ್ರೆ ಹಂಗೇ ಕಣೇ. ಅದೇ ಹೊತ್ತಿಗೆ ತೆಗೆದು, ಅದೇ ಲ್ಯಾಬಿಗೆ ಕಳಿಸ್ತಾರಂತೆ. ಕೆಲಸ ಗೊತ್ತಿರೋ ಹೆಂಗಸು!" ಎನ್ನುತ್ತಾ ಎರಡನೇ ಟೆಸ್ಟಿಗೆ ಹೋಗಲು ನನ್ನ ಸ್ಕೂಟರ್ ಹತ್ತಿದರು.

ಎರಡನೇ ಅಂಕಿಯೂ ಹೆಚ್ಚುಕಮ್ಮಿ ಅಲ್ಲೇ ಬಂತು. ಕಾಯಿಲೆ ಇದೆ ಎಂದು ಹೇಗೆ ಹೇಳುವುದೆಂದು ಡಾಕ್ಟರಮ್ಮ ತಡವರಿಸುತ್ತಿದ್ದರು. ಇವರೇ ಧೈರ್ಯ ಕೊಟ್ಟರು: "ಎರಡೂ ತಾಳೆ ಆಯ್ತಲ್ಲ ಮೇಡಂ, ಇನ್ನು ಕತ್ತರಿ ಹಾಕಿ. ಔಷಧಿ ಶುರು ಮಾಡಿ."

ಅವತ್ತು ಸಂಜೆ ಅಂಗಡಿಯಲ್ಲಿ ನನ್ನ ಪ್ಯಾಂಟಿಗೆ ಎರಡು ಸಲ ಅಳತೆ ತೆಗೆದುಕೊಂಡರು. ಟೀ ಕುಡಿದು ಲೋಟ ಕೆಳಗಿಟ್ಟವರೇ, "ಬನ್ನಿ ಸಾರ್, ಅಳತೆ ತಗೊಳ್ಳೋಣ" ಎಂದರು.

ನಾನು ಎದ್ದು ನಿಂತು, ಅವರು ಹೇಳುವ ಮೊದಲೇ ಉಸಿರು ಬಿಟ್ಟೆ.